ಹಾಲಿನ ಕ್ಯಾನಿನಿಂದ ಶುರುವಾಗುವ ಪಾಠ

ಒಂಬತ್ತನೇ ತರಗತಿಯ ನಾತ್ಸಿವಾದದ ಪಾಠವನ್ನು ಈಗ ನಾನು ಒಂದು ಹಾಲಿನ ಕ್ಯಾನಿನ ಫೋಟೊ ತೋರಿಸಿ ಶುರು ಮಾಡುತ್ತೇನೆ. ಆ ಕ್ಯಾನನ್ನು ಕಣ್ಣಾರೆ ನೋಡಿದ್ದು ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿ, ಇತಿಹಾಸ ಶಿಕ್ಷಕರೆಲ್ಲ ಸೇರಿ ಪೋಲೆಂಡಿಗೆ ಹೋದಾಗ.

1940ರ ನವೆಂಬರ್‌ನಲ್ಲಿ ನಾತ್ಸಿಗಳು ವಾರ್ಸಾದ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದರು. ನಾಲ್ಕು ಲಕ್ಷಕ್ಕೂ ಜಾಸ್ತಿ ಜನ. ಅವರಲ್ಲಿ ಇಮ್ಯಾನುಯೆಲ್ ರಿಂಗಲ್‌ಬ್ಲಮ್ ಒಬ್ಬರು. ಇತಿಹಾಸಕಾರರು, ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಗುಟ್ಟಾಗಿ ಒಂದು ತಂಡ ಕಟ್ಟಿ ಘೆಟ್ಟೊದ, ಅಂದರೆ ಆ ಗೋಡೆಯೊಳಗಿನ ಕೇರಿಯ, ಬದುಕನ್ನು ದಾಖಲಿಸತೊಡಗಿದರು. ಡೈರಿ, ಮಕ್ಕಳು ಬರೆದ ಪ್ರಬಂಧ, ರೇಷನ್ ಚೀಟಿ, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ ಕೂಡ ಬಿಡಲಿಲ್ಲ. 1942ರ ಆಗಸ್ಟ್‌ನಲ್ಲಿ, ರೈಲುಗಳು ಜನರನ್ನು ತುಂಬಿಕೊಂಡು ಟ್ರೆಬ್ಲಿಂಕಾ ಎಂಬ ಹತ್ಯಾ ಶಿಬಿರಕ್ಕೆ ಹೋಗುತ್ತಿದ್ದಾಗ, ಇಸ್ರೇಲ್ ಲಿಖ್ಟೆನ್‌ಶ್ಟಾಯ್ನ್ ಎಂಬ ಮೇಷ್ಟ್ರು ತಮ್ಮ ಇಬ್ಬರು ಹಳೆಯ ವಿದ್ಯಾರ್ಥಿಗಳ ಜೊತೆ ಸೇರಿ ಮೊದಲ ಕಂತನ್ನು ಶಾಲೆಯ ನೆಲಮಾಳಿಗೆಯಲ್ಲಿ ಹೂತರು. ಅದು ತಗಡಿನ ಪೆಟ್ಟಿಗೆಗಳಲ್ಲಿ, ಆಮೇಲಿನ ಕಂತು ಹಾಲಿನ ಕ್ಯಾನುಗಳಲ್ಲಿ. ಪೆಟ್ಟಿಗೆಗಳು 1946ರಲ್ಲಿ ಸಿಕ್ಕವು, ಕ್ಯಾನುಗಳು 1950ರಲ್ಲಿ. ರಿಂಗಲ್‌ಬ್ಲಮ್ ಅವರನ್ನು 1944ರಲ್ಲೇ ಕೊಂದಿದ್ದರು.

ಮೇಷ್ಟ್ರು, ಹುಡುಗರು, ಶಾಲೆ. ನಮಗೆಲ್ಲ ಗೊತ್ತಿರುವ ಲೋಕ ಅಲ್ವಾ? ಆ ಕ್ಯಾನಿನ ಮುಂದಿಂದ ನಮ್ಮಲ್ಲಿ ಯಾರಿಗೂ ಬೇಗ ಕದಲೋಕೆ ಆಗಲಿಲ್ಲ.

ಸಂಜೆ ಕೂತು, ಇದನ್ನು ಮಕ್ಕಳಿಗೆ ಹೇಗೆ ಹೇಳೋದು ಅಂತ ಚರ್ಚೆ. ಹೆಣಗಳ ಫೋಟೊ ತೋರಿಸಿದರೇ ಮನಸ್ಸಿಗೆ ನಾಟುತ್ತದೆ ಎಂದರು ಒಬ್ಬರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹದಿನಾಲ್ಕರ ಮಕ್ಕಳು ಹೆದರಿ ಮುಖ ತಿರುಗಿಸುತ್ತಾರೆ. ಸತ್ತವರು ಯಾರು, ಹೇಗೆ ಬದುಕಿದ್ದರು ಅನ್ನೋದು ಗೊತ್ತೇ ಆಗುವುದಿಲ್ಲ. 'ನೀನು ಸೈನಿಕ, ನೀನು ಕೈದಿ' ಎಂದು ಮಕ್ಕಳಿಂದ ಪಾತ್ರ ಮಾಡಿಸುವುದಂತೂ ಬೇಡವೇ ಬೇಡ.

ಕ್ಯಾನಿನೊಳಗೆ ಏನಿರಬಹುದು ಅಂತ ಕೇಳುತ್ತೇನೆ. ಒಡವೆ, ದುಡ್ಡು ಅಂತಾರೆ. ಮಿಠಾಯಿ ಕಾಗದ ಅಂದರೆ, 'ಅದನ್ನ ಯಾಕೆ ಇಟ್ರು ಮಿಸ್?' ಪಾಠ ಅಲ್ಲಿಂದ ಹೊರಡುತ್ತದೆ. ಯುದ್ಧಕ್ಕೆ ಮುಂಚೆ ಆ ಊರಿನ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಯಹೂದಿ ಎಂಬುದು ಮೊದಲು, ನಾತ್ಸಿಗಳು ಕೊಂದ 60 ಲಕ್ಷ ಯಹೂದಿಗಳ ಲೆಕ್ಕ ಆಮೇಲೆ.

ಯಾನುಷ್ ಕೊರ್ಚಾಕ್ ಅವರ ವಿಷಯವನ್ನು ಕೊನೆಗೆ ತರುತ್ತೇನೆ. ಘೆಟ್ಟೊದಲ್ಲಿ ಅನಾಥಾಲಯ ನಡೆಸುತ್ತಿದ್ದ ವೈದ್ಯರು. 1942ರ ಜುಲೈನಲ್ಲಿ ಅಲ್ಲಿಯ ಮಕ್ಕಳು ಆಡಿದ್ದು ನಮ್ಮ ಟ್ಯಾಗೋರರ 'ಡಾಕ್ ಘರ್' ನಾಟಕ. ಮುಂದಿನ ತಿಂಗಳು ಅವರನ್ನೂ ಆ ಮಕ್ಕಳನ್ನೂ ಟ್ರೆಬ್ಲಿಂಕಾಗೆ ಸಾಗಿಸಿ ಕೊಂದರು. ಆ ನಾಟಕದಲ್ಲಿ ಕಾಯಿಲೆಯ ಹುಡುಗ ಅಮಲ್ ಕಿಟಕಿ ಪಕ್ಕ ಕೂತು ದಾರಿಹೋಕರ ಜೊತೆ ಮಾತಾಡುವ ಭಾಗವನ್ನು ತರಗತಿಯಲ್ಲಿ ಮಕ್ಕಳೇ ಓದುತ್ತಾರೆ. ಅದಕ್ಕೆ ಪೂರ್ತಿ ಒಂದು ಪೀರಿಯಡ್ ಬಿಡುತ್ತೇನೆ.