ಕ್ಯಾಂಪರ್ ಗಾಡಿಗೆ ಹೀಟರ್ ಕೊಳ್ಳುವ ಮೊದಲು ಪ್ಲಗ್ ನೋಡಿ

ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಶಿರಸಿ ಸೀಮೆಗೆ ಕ್ಯಾಂಪರ್ ಗಾಡಿಗಳು ಬರತೊಡಗುತ್ತವೆ. ಹಗಲಿಡೀ ಯಾಣ, ಸಹಸ್ರಲಿಂಗ, ಉಂಚಳ್ಳಿ ಎಂದು ತಿರುಗಿ, ರಾತ್ರಿ ಯಾವುದಾದರೂ ತೋಟದ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅದರಲ್ಲೇ ಮಲಗುತ್ತಾರೆ. ನಮ್ಮದೂ ಅಂಥ ಒಂದು ಹೋಂಸ್ಟೇ. ಕತ್ತಲಾಗುತ್ತಿದ್ದಂತೆ "ಅಮ್ಮಾ, ಒಂದು ಪ್ಲಗ್ ಪಾಯಿಂಟ್ ಕೊಡ್ತೀರಾ? ಹೀಟರ್ ಹಾಕಬೇಕಿತ್ತು" ಎಂದು ಬರುವ ಮಕ್ಕಳಿಗೆ ನಾನು ಬಾಯಲ್ಲಿ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಯಾವ ಹೀಟರ್ ಹೆಚ್ಚು ಬಿಸಿ ಕೊಡುತ್ತದೆ ಎಂದು. ಕರೆಂಟಿನ ಹೀಟರುಗಳಲ್ಲಿ ಆ ವಿಷಯಕ್ಕೆ ಭೇದವೇ ಇಲ್ಲ. 1000 ವಾಟಿನದು ಎಂದರೆ 1000 ವಾಟಿನಷ್ಟೇ ಬಿಸಿ, ಅದು ಎಂಟು ನೂರು ರೂಪಾಯಿಯದಾಗಲಿ, ಎಂಟು ಸಾವಿರದ್ದಾಗಲಿ. ದುಡ್ಡು ಹೆಚ್ಚು ಕೊಟ್ಟಾಗ ಸಿಗುವುದು ಸದ್ದು ಕಡಿಮೆ, ಸುರಕ್ಷತೆ ಹೆಚ್ಚು, ಅಷ್ಟೇ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಗಾಡಿಗೆ ಎಷ್ಟು ಕರೆಂಟು ಬರುತ್ತದೆ, ಯಾವ ವಾಯರಿನಲ್ಲಿ ಬರುತ್ತದೆ ಎಂಬುದನ್ನು ನೋಡಿಕೊಳ್ಳಿ.

ಮನೆಯ ಜಗಲಿಯಲ್ಲಿ ಫೋನ್ ಚಾರ್ಜಿಗೆ ಇರುವ ಸಣ್ಣ ಪ್ಲಗ್ 6 ಆಂಪಿನದು. 230 ವೋಲ್ಟಿನ ಲೆಕ್ಕದಲ್ಲಿ ಅದು ತಡೆದುಕೊಳ್ಳುವುದು 1380 ವಾಟ್. 2000 ವಾಟಿನ ಹೀಟರ್ ಎಳೆಯುವುದು ಸುಮಾರು 8.7 ಆಂಪ್. ಅದಕ್ಕೆಂದೇ ಆ ಹೀಟರಿಗೆ ದಪ್ಪ ಪಿನ್ನಿನ 16 ಆಂಪ್ ಪ್ಲಗ್ ಕೊಟ್ಟಿರುತ್ತಾರೆ. ನಮ್ಮ ಕಡೆ ಈಗಲೂ ಅದನ್ನು 15 ಆಂಪ್ ಎಂದೇ ಕರೆಯುವುದು. ಆ ದಪ್ಪ ಪಿನ್ನನ್ನು ಅಡಾಪ್ಟರ್ ಹಾಕಿ ಸಣ್ಣ ಪಾಯಿಂಟಿಗೆ ತುರುಕುವುದನ್ನು ನೋಡಿದರೆ ನನಗೆ ಎದೆ ನಡುಗುತ್ತದೆ. ಹೀಟರ್ ಏನೋ ಉರಿಯುತ್ತದೆ. ನೀವು ಮಲಗಿದ ಮೇಲೆ ಗೋಡೆಯೊಳಗಿನ ವಾಯರ್ ಕಾಯುತ್ತ ಹೋಗುತ್ತದೆ. ಸಣ್ಣ ಪಾಯಿಂಟ್ ಮಾತ್ರ ಇದ್ದರೆ ಹೀಟರನ್ನು 1000ಕ್ಕೆ ಇಳಿಸಿಕೊಳ್ಳಿ, ಇಲ್ಲವೇ ಮೊದಲೇ 1000 ವಾಟಿನದನ್ನೇ ಕೊಳ್ಳಿ. ಶಿರಸಿಯ ಚಳಿಗೆ ಅದು ಧಾರಾಳವಾಯಿತು. ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಲ್ಲಿ 12ರಿಂದ 15 ಡಿಗ್ರಿ ಇರುತ್ತದೆ, ಹಿಮ ಬೀಳುವ ಊರಲ್ಲವಲ್ಲ.

2000 ವಾಟ್ ಬೇಕೇ ಬೇಕು ಎನ್ನುವವರು ಪವರ್ ಪಾಯಿಂಟ್ ಎಲ್ಲಿದೆ ಎಂದು ಮನೆಯವರನ್ನು ಕೇಳಿ. ಸಾಮಾನ್ಯವಾಗಿ ಅಡುಗೆಮನೆಯಲ್ಲೋ ಗೀಸರಿನ ಹತ್ತಿರವೋ ಇರುತ್ತದೆ. ಗೀಸರ್ ಪಾಯಿಂಟನ್ನೇ ಕೊಟ್ಟರೆ ಬೆಳಿಗ್ಗೆ ಮನೆಯವರ ಸ್ನಾನಕ್ಕೆ ಮೊದಲು ಬಿಟ್ಟುಕೊಡಬೇಕು, ಎರಡನ್ನೂ ಒಂದೇ ಲೈನಿಗೆ ಹಾಕಿದರೆ ಎಂಸಿಬಿ ಬೀಳುತ್ತದೆ. ಬಿದ್ದ ಎಂಸಿಬಿಯನ್ನು ಮತ್ತೆ ಮತ್ತೆ ಎತ್ತಬೇಡಿ. ಎಲ್ಲೋ ಹೆಚ್ಚಾಗಿದೆ ಎಂದು ಅದು ಹೇಳುತ್ತಿದೆ, ಲೋಡು ಇಳಿಸಿ.

ಇನ್ನು ಅಂಗಳದವರೆಗೆ ಎಳೆಯುವ ವಾಯರು. ಟಿವಿ, ಕಂಪ್ಯೂಟರಿಗೆ ಹಾಕುವ ಬಿಳಿ ಎಕ್ಸ್‌ಟೆನ್ಷನ್ ಬೋರ್ಡು ಹೀಟರಿಗೆ ಆಗದು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಎರಡೂವರೆ ಎಂಎಂ ತಾಮ್ರದ, ಮೂರು ಎಳೆಯ, ಹೊರಗೆ ರಬ್ಬರ್ ಹೊದಿಕೆ ಇರುವ ಕೇಬಲ್ ಕೇಳಿ ಒಂದು ತುದಿಗೆ 16 ಆಂಪಿನ ಪ್ಲಗ್, ಇನ್ನೊಂದು ತುದಿಗೆ ಸಾಕೆಟ್ ಹಾಕಿಸಿಕೊಳ್ಳಿ. ಒಮ್ಮೆ ಮಾಡಿಸಿದರೆ ವರ್ಷಗಟ್ಟಲೆ ಬರುತ್ತದೆ. ರೀಲಿಗೆ ಸುತ್ತಿದ ಕೇಬಲ್ ಆದರೆ ಹತ್ತೇ ಅಡಿ ದೂರವಿದ್ದರೂ ಪೂರ್ತಿ ಬಿಚ್ಚಿ ನೆಲಕ್ಕೆ ಹಾಕಬೇಕು. ಸುತ್ತಿಟ್ಟ ಕೇಬಲಿನ ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ರಬ್ಬರು ಕರಗುತ್ತದೆ. ಹೀಟರ್ ಹಾಕಿ ಕಾಲು ತಾಸು ಕಳೆದ ಮೇಲೆ ಸ್ವಿಚ್ ಆರಿಸಿ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳು ಇಡಲಾಗದಷ್ಟು ಸುಟ್ಟರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಆ ರಾತ್ರಿ ಹೀಟರ್ ಬೇಡ.

ಅರ್ತಿಂಗ್ ಮಾತು ಹೇಳಲೇಬೇಕು. ಗಾಡಿಯ ಮೈ ತಗಡು, ಕೆಳಗೆ ರಬ್ಬರ್ ಚಕ್ರ. ಒಳಗೆ ಎಲ್ಲಾದರೂ ವಾಯರ್ ಸವೆದು ತಗಡಿಗೆ ತಾಗಿದರೆ ಇಡೀ ಗಾಡಿಗೆ ಕರೆಂಟು ಬರುತ್ತದೆ, ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಇಬ್ಬನಿ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲಿನ ಹಿಡಿಕೆ ಹಿಡಿದವರಿಗೆ ಹೊಡೆಯುತ್ತದೆ. ಆದ್ದರಿಂದ ಎರಡು ಪಿನ್ನಿನ ಪ್ಲಗ್ ಬೇಡ, ಮೂರನೆಯ ದಪ್ಪ ಪಿನ್ನನ್ನು ಮುರಿದು ಹಾಕುವುದಂತೂ ಬೇಡವೇ ಬೇಡ. ಗಾಡಿಯೊಳಗೆ ಕರೆಂಟು ಬರುವ ಜಾಗದಲ್ಲಿ ಕರೆಂಟು ಸೋರಿದರೆ ಕ್ಷಣದಲ್ಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ನಮ್ಮ ಕಡೆಯ ಜಂಬಿಟ್ಟಿಗೆ ನೆಲ ಒಣಗಿದಾಗ ಮನೆಯ ಅರ್ತಿಂಗ್ ಗುಂಡಿಯೂ ದುರ್ಬಲವಾಗುತ್ತದೆ, ಆಗ ಜೀವ ಉಳಿಸುವುದು ಆ ಸಣ್ಣ ಡಬ್ಬಿಯೇ. ಅದರ ಮೇಲೆ ಟೆಸ್ಟ್ ಎಂಬ ಗುಂಡಿ ಇದೆ. ಹೊರಡುವ ಮೊದಲು ಕರೆಂಟು ಕೊಟ್ಟು ಅದನ್ನು ಒತ್ತಿ, ಟಕ್ಕನೆ ಬಿದ್ದರೆ ಸರಿಯಿದೆ.

ಈಗ ಹೀಟರಿನ ಜಾತಿ. ಕೆಂಪಗೆ ಉರಿಯುವ ರಾಡಿನ ಹೀಟರ್ ಅಗ್ಗ, ಎದುರು ಕೂತರೆ ಹಿತ. ಆದರೆ ಮೊಣಕೈ ಆಡಿಸಲು ಜಾಗವಿಲ್ಲದ ಗಾಡಿಯಲ್ಲಿ ಚಾದರದ ತುದಿ ಅದಕ್ಕೆ ತಾಗಲು ಎಷ್ಟು ಹೊತ್ತು? ನಾನಾದರೆ ಗಾಡಿಯೊಳಗೆ ಬಿಡುವುದಿಲ್ಲ. ಫ್ಯಾನಿನ ಹೀಟರ್ ಕೈಯಲ್ಲಿ ಹಿಡಿದು ಹೋಗುವಷ್ಟು ಹಗುರ, ಹತ್ತು ನಿಮಿಷದಲ್ಲಿ ಗಾಡಿ ಬೆಚ್ಚಗಾಗುತ್ತದೆ. ಆರಿಸಿದ ಕೂಡಲೇ ಚಳಿಯೂ ಬರುತ್ತದೆ, ಸದ್ದೂ ಇದೆ. ಇದರಲ್ಲೇ ಸೆರಾಮಿಕ್ ಪಿಟಿಸಿ ಎಂಬುದು ಮೇಲು, ಬಿಸಿ ಏರಿದಂತೆ ತಾನೇ ಕರೆಂಟು ಎಳೆಯುವುದನ್ನು ಕಡಿಮೆ ಮಾಡುತ್ತದೆ. ಮಗುಚಿ ಬಿದ್ದರೆ ಆರುವ ಸ್ವಿಚ್ಚು ಇದೆಯೇ ಎಂದು ಅಂಗಡಿಯಲ್ಲೇ ಮಗುಚಿ ನೋಡಿ ತನ್ನಿ. ಎಣ್ಣೆ ತುಂಬಿದ ರೇಡಿಯೇಟರ್ ಭಾರ, ಬೆಚ್ಚಗಾಗಲು ಅರ್ಧ ತಾಸು ಬೇಕು. ಆದರೆ ಸದ್ದಿಲ್ಲ, ಬೆಳಕಿಲ್ಲ, ಕೆಂಪಗೆ ಉರಿಯುವ ತಂತಿಯಿಲ್ಲ, ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತದೆ. ಮಕ್ಕಳಿರುವ ಗಾಡಿಗೆ ನಾನು ಹೇಳುವುದು ಇದನ್ನೇ, ಸಣ್ಣ ಅಳತೆಯದು. ಅದರ ಮೇಲೆ ಒದ್ದೆ ಬಟ್ಟೆ ಒಣಹಾಕಬಾರದು, ಘಾಟಿ ಇಳಿಯುವಾಗ ಹಗ್ಗದಲ್ಲಿ ಬಿಗಿದಿರಬೇಕು.

ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದುಂಟು. 230 ಇರಬೇಕಾದಲ್ಲಿ 180ಕ್ಕೆ ಬಂದರೆ 1000 ವಾಟಿನ ಹೀಟರ್ ಕೊಡುವುದು 610 ವಾಟಿನಷ್ಟೇ. ಹೀಟರ್ ಕೆಟ್ಟಿತೆಂದು ಬಿಚ್ಚಲು ಕೂರಬೇಡಿ.

ಕರೆಂಟು ಇಲ್ಲದ ಕಡೆ ಬ್ಯಾಟರಿಯಲ್ಲಿ ಹೀಟರ್ ನಡೆಸುತ್ತೇವೆ ಎನ್ನುವವರಿಗೆ ಲೆಕ್ಕ ಬಿಡಿಸಿ ಹೇಳುತ್ತೇನೆ. 12 ವೋಲ್ಟಿನ 100 ಆಂಪ್-ಅವರ್ ಬ್ಯಾಟರಿಯಲ್ಲಿ ಇರುವುದು 1200 ವಾಟ್-ಅವರ್, ಅಂದರೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ನೀರು ಹಾಕುವ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಹೋಗುತ್ತದೆ. ಉಳಿದ ಅರ್ಧದಲ್ಲಿ 1000 ವಾಟಿನ ಹೀಟರ್ ನಡೆಯುವುದು ಅರ್ಧ ತಾಸು, ಅಷ್ಟು ಹೊತ್ತೂ ಇನ್ವರ್ಟರ್ ಬ್ಯಾಟರಿಯಿಂದ 90 ಆಂಪಿನ ಮೇಲೆ ಎಳೆಯುತ್ತಿರುತ್ತದೆ. ಲಿಥಿಯಂ ಆದರೂ ಒಂದು ತಾಸು ದಾಟಿದರೆ ಹೆಚ್ಚು. ಕಾಡಿನ ನೆರಳಲ್ಲಿ ನಿಂತ ಗಾಡಿಗೆ ಮಾಡಿನ ಸೋಲಾರ್ ಅದನ್ನು ತುಂಬಿಕೊಡುವುದಿಲ್ಲ.

ಅಲ್ಲಿ ಗಾಳಿ ಬಿಸಿ ಮಾಡುವುದನ್ನು ಬಿಟ್ಟು ಹಾಸಿಗೆ ಬಿಸಿ ಮಾಡಿ. ಒಬ್ಬರು ಮಲಗುವ ಎಲೆಕ್ಟ್ರಿಕ್ ಕಂಬಳಿಗೆ 60ರಿಂದ 100 ವಾಟ್ ಸಾಕು. ಮಲಗುವ ಅರ್ಧ ತಾಸು ಮೊದಲು ಹಾಕಿ, ಮಲಗುವಾಗ ಆರಿಸಿದರೆ ಬ್ಯಾಟರಿಗೆ ಭಾರವಾಗದು. ಅದನ್ನು ಮಡಚಿ ಹಾಸಬಾರದು, ಪಿನ್ನು ಚುಚ್ಚಬಾರದು. ಹಸುಗೂಸಿಗೆ, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಹಾಕಲೇಬಾರದು, ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಇನ್ನೂ ಸುಲಭದ್ದು ಬಿಸಿನೀರಿನ ರಬ್ಬರ್ ಚೀಲ. ಒಂದು ಲೀಟರ್ ನೀರು ಕಾಯಿಸಲು ಯೂನಿಟ್ಟಿನ ಹತ್ತನೇ ಒಂದು ಭಾಗ ಸಾಕು, ಕಾಲ ಬುಡದಲ್ಲಿಟ್ಟರೆ ನಡುರಾತ್ರಿಯವರೆಗೆ ಬೆಚ್ಚಗೆ. ಕುದಿದ ನೀರನ್ನು ತುಸು ಆರಿಸಿ, ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಹಿಂಡಿ ಮುಚ್ಚಳ ಬಿಗಿಯಿರಿ, ಮೇಲೊಂದು ಪಂಜಿ ಸುತ್ತಿರಿ.

ಚಳಿ ಹೆಚ್ಚಾಗಿ ನುಗ್ಗುವುದು ಗಾಜಿನಿಂದ ಮತ್ತು ನೆಲದಿಂದ. ಎದುರಿನ ದೊಡ್ಡ ಗಾಜಿಗೆ ಒಳಗಿನಿಂದ ದಪ್ಪ ಬಟ್ಟೆ ಕಟ್ಟಿ, ನೆಲಕ್ಕೆ ಗೋಣಿತಾಟು, ಮೇಲೆ ಚಾಪೆ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹಳೆಯ ಬಟ್ಟೆ ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿ ಸಿಕ್ಕರೆ ಒಂದನ್ನು ಕೊಂಡಿಟ್ಟುಕೊಳ್ಳಿ. ಕೆಳಗೆ ಒಂದು, ಮೇಲೆ ಒಂದು ಇದ್ದವರಿಗೆ ನಮ್ಮ ಊರಿನ ಎಷ್ಟೋ ರಾತ್ರಿ ಹೀಟರೇ ಬೇಡ.

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಕರೆಂಟು ಹೋಯಿತೆಂದು ಬಚ್ಚಲೊಲೆಯ ಕೆಂಡವನ್ನು ಬೋಗುಣಿಯಲ್ಲಿ ತುಂಬಿಕೊಂಡು ಗಾಡಿಯೊಳಗೆ ಇಟ್ಟುಕೊಳ್ಳಬೇಡಿ. ಗ್ಯಾಸ್ ಸ್ಟೌ ಹಚ್ಚಿಟ್ಟು ಮಲಗಬೇಡಿ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸಿನಲ್ಲಿ ಇನ್ನೊಂದು ತೊಂದರೆ, ಒಂದು ಕೆ.ಜಿ. ಉರಿದರೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ನೀರು ಆವಿಯಾಗಿ ಗೋಡೆಗೆ ಕೂರುತ್ತದೆ. ಕರೆಂಟಿನ ಹೀಟರಿನಲ್ಲಿ ಈ ಎರಡೂ ಇಲ್ಲ. ಆದರೂ ಮನುಷ್ಯರ ಉಸಿರಿನಿಂದಲೇ ಗಾಜು ಬೆವರುತ್ತದೆ, ಒಂದು ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಬೆಳಿಗ್ಗೆ ಹಾಸಿಗೆ ಎತ್ತಿ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಅಡಿಯಲ್ಲಿ ಬೂಸ್ಟು ಹಿಡಿಯುತ್ತದೆ.

ದೇವಿಮನೆ ಘಾಟಿ ಇಳಿದು ಕುಮಟಾ, ಗೋಕರ್ಣ, ಕಾರವಾರದ ಕಡೆ ಹೋಗುವವರು ಹೀಟರನ್ನು ಮೂಲೆಗೆ ಕಟ್ಟಿಡಬಹುದು, ಕಡಲ ಬದಿಯ ಚಳಿಗೆ ಒಂದು ಚಾದರ ಸಾಕು. ಅಲ್ಲಿ ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆ ಪಿನ್ನುಗಳು ಕಪ್ಪಾಗಿ, ಹಸಿರಾಗಿ ಕಿಲುಬು ಹಿಡಿಯುತ್ತವೆ. ಕಿಲುಬು ಹಿಡಿದ ಪಿನ್ನು ಸಾಕೆಟ್ಟಿನಲ್ಲಿ ಸರಿಯಾಗಿ ಕೂರದೆ ಅಲ್ಲೇ ಕಾಯುತ್ತದೆ. ತಿರುಗಿ ಘಟ್ಟ ಹತ್ತುವ ಮೊದಲು ಕೇಬಲಿನ ಎರಡೂ ತುದಿ ನೋಡಿ, ಉಜ್ಜುವ ಕಾಗದದಿಂದ ಪಿನ್ನುಗಳನ್ನು ಹೊಳೆಯುವ ಹಾಗೆ ತಿಕ್ಕಿ, ಸಡಿಲವಾದ ಸಾಕೆಟ್ಟನ್ನು ಬದಲಾಯಿಸಿಕೊಂಡೇ ಬನ್ನಿ.