‘ಬೇಡ’ ಬಟನ್ನನ್ನೂ ಅಷ್ಟೇ ದೊಡ್ಡದಾಗಿ ಇಟ್ಟೆ: ನನ್ನ ಅನುಭವ

ಮೂಡಿಗೆರೆ ಕಡೆಯ ಮೂರು ಹೋಮ್‌ಸ್ಟೇಗಳ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಕುಕಿ ಅಂದರೆ ಬಂದವರ ಗುರುತಿಗೆ ಸೈಟ್ ಅವರ ಬ್ರೌಸರ್‌ನಲ್ಲಿ ಇಡುವ ಪುಟ್ಟ ದಾಖಲೆ. ಅದಕ್ಕೆ ಅನುಮತಿ ಕೇಳುವ ಬ್ಯಾನರ್‌ನಲ್ಲಿ ‘ಒಪ್ಪಿಗೆ’ಯಷ್ಟೇ ದೊಡ್ಡದಾಗಿ ‘ಬೇಡ’ ಕೂಡ ಇರಲಿ ಅಂದಾಗ ಒಬ್ಬ ಮಾಲೀಕರು, “ಏನ್ರೀ, ಬಾಗಿಲಿಗೆ ಬಂದೋರನ್ನ ನೀವೇ ವಾಪಸ್ ಕಳಿಸ್ತೀರಾ?” ಅಂದರು. ಈಗ ಎಂಟು ತಿಂಗಳಾಯಿತು. ಪಕ್ಕದ ಎಸ್ಟೇಟಿನವರಿಗೆ ನನ್ನ ನಂಬರ್ ಕೊಟ್ಟವರೂ ಅವರೇ.

ಮೊದಲು ದುಡ್ಡು ಕಳೆದುಕೊಂಡೆ. ವರ್ಷಕ್ಕೆ ಒಂಬತ್ತು ಸಾವಿರ ಚಿಲ್ಲರೆ ಕೊಟ್ಟು ಒಂದು ರೆಡಿಮೇಡ್ ಬ್ಯಾನರ್ ತಂದೆ. ಒಂದು ರಾತ್ರಿ ಹಳೇ ಕುಕಿಗಳಿಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಸೈಟ್ ತೆರೆದು, ಏನೂ ಒತ್ತದೆ, ಪುಟದ ಒಳಗೆ ಏನು ನಡೆಯುತ್ತಿದೆ ಅಂತ ತೋರಿಸುವ ಡೆವ್‌ಟೂಲ್ಸ್ ನೋಡಿದೆ. ಹತ್ತು ಹನ್ನೊಂದು ಕುಕಿ ಆಗಲೇ ಬಂದು ಕೂತಿದ್ದವು. ಬಂದವರ ಲೆಕ್ಕ ಇಡುವ ಅನಲಿಟಿಕ್ಸ್‌ನ ಕುಕಿಗೆ ಎರಡು ವರ್ಷದ ಆಯಸ್ಸು. ‘ಬೇಡ’ ಒತ್ತಿದೆ, ಒಂದೂ ಕದಲಲಿಲ್ಲ. ಮೊದಲು ತೆಗೆದುಕೊಂಡು ಆಮೇಲೆ ಕೇಳಿದರೆ ಅದು ಒಪ್ಪಿಗೆ ಹೇಗಾಗುತ್ತೆ? ನನಗೆ ನಿಜಕ್ಕೂ ಸಿಟ್ಟು ಬಂತು.

ಆ ಬ್ಯಾನರ್ ಕಿತ್ತು ನಾನೇ ಬರೆದೆ. ಕುಕಿ ಹಾಕುವ ಸ್ಕ್ರಿಪ್ಟ್‌ಗಳ (ಪುಟದೊಳಗೆ ಓಡುವ ಕೋಡ್ ತುಣುಕುಗಳ) ಟೈಪ್ ಬದಲಿಸಿ, ಬ್ರೌಸರ್ ಓಡಿಸದ ಹಾಗೆ ಮಲಗಿಸುವುದು, ಒಪ್ಪಿದ ಮೇಲೆ ಎಬ್ಬಿಸುವುದು. ಆದರೂ ಒಂದು ಜಾಹೀರಾತು ಪಿಕ್ಸೆಲ್ (ಬಂದವರ ಸುದ್ದಿಯನ್ನು ಜಾಹೀರಾತು ಕಂಪನಿಗೆ ಮುಟ್ಟಿಸುವ ಕೋಡ್) ಓಡುತ್ತಲೇ ಇತ್ತು. ಎರಡು ವಾರ ಹುಡುಕಿದ ಮೇಲೆ ಸೈಟಿನ ವಿನ್ಯಾಸದ ಥೀಮ್‌ನಲ್ಲಿ, ಎಲ್ಲ ಪುಟಕ್ಕೂ ಸೇರುವ ಹೆಡರ್ ಫೈಲ್‌ನಲ್ಲಿ ಸಿಕ್ಕಿತು. ಅದು ಮುಗಿಯಿತು ಅಂದರೆ, ಸಿದ್ಧ ಪುಟದ ಪ್ರತಿ ಉಳಿಸಿಟ್ಟು ಕೊಡುವ ಸರ್ವರ್‌ನ ಕ್ಯಾಶ್ (cache) ಕೈಕೊಟ್ಟಿತು. ಒಬ್ಬರು ಒಪ್ಪಿದ ಪುಟವನ್ನೇ ಸರ್ವರ್ ಎಲ್ಲರಿಗೂ ಬಡಿಸುತ್ತಿತ್ತು. ಆಯ್ಕೆಯನ್ನು ಬ್ರೌಸರ್‌ನಲ್ಲೇ ಓದುವ ಹಾಗೆ ಮಾಡಿದ ಮೇಲೆ ಸರಿಹೋಯಿತು. ಬೇರೆ ಡೊಮೇನ್‌ನ, ಅಂದರೆ ಬೇರೆ ವೆಬ್ ವಿಳಾಸದ, ಕುಕಿಯನ್ನು ನಮ್ಮ ಸ್ಕ್ರಿಪ್ಟ್ ಅಳಿಸಲಾರದು, ಅದಕ್ಕೇ ಬರುವ ಮೊದಲೇ ತಡೆಯಬೇಕು.

ಹೊರಗಿನ ಕುಕಿ ತರುವ ಮ್ಯಾಪ್, ವಿಡಿಯೋ ಎರಡನ್ನೂ ಬರೀ ಚಿತ್ರ ಮಾಡಿದೆ, ಒತ್ತಿದರೆ ಮಾತ್ರ ತೆರೆಯುತ್ತವೆ. ನಾಲ್ಕು ಎಂಬಿ ಪುಟ ಒಂದಕ್ಕೆ ಇಳಿಯಿತು. ಕೊಟ್ಟಿಗೆಹಾರದ ಹತ್ತಿರ ಒಂದೇ ಕಡ್ಡಿ ಸಿಗ್ನಲ್‌ನಲ್ಲೂ ತೆರೆದುಕೊಂಡಿತು!

ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆ ಅಲ್ಲ ಅಂತ ಯುರೋಪಿನ ಕೋರ್ಟ್ 2019ರಲ್ಲೇ ಹೇಳಿದೆ. ನಮ್ಮ 2023ರ ಡೇಟಾ ಕಾಯ್ದೆಯೂ, ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ವಾಪಸ್ ಪಡೆಯಲು ಆಗಬೇಕು ಅನ್ನುತ್ತದೆ. ಒಪ್ಪಿಗೆ ಕೇಳುವ ಮಾತನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು. ಅಂದರೆ ಕನ್ನಡದಲ್ಲೂ. ಅಲ್ಲಿಂದ ಇನ್ನೊಂದು ಪ್ರಯೋಗಕ್ಕೆ ಇಳಿದೆ. ‘ಕುಕಿಗಳಿಗೆ ಸಮ್ಮತಿಸಿ’ ತೆಗೆದು, ‘ನೀವು ನೋಡಿದ ಪುಟಗಳ ಲೆಕ್ಕ ಇಡಬಹುದಾ?’ ಅಂತ ಬರೆದೆ. ಒಪ್ಪುವವರು ಹತ್ತಕ್ಕೆ ಇಬ್ಬರಿದ್ದದ್ದು ನಾಲ್ವರಾದರು.

ಉಳಿದ ಆರು ಜನ ‘ಬೇಡ’ವನ್ನೇ ಒತ್ತುತ್ತಾರೆ. ಆದರೂ ತಿಂಗಳಿಗೆ ನಲವತ್ತರ ಆಸುಪಾಸು ಇದ್ದ ವಾಟ್ಸಾಪ್ ವಿಚಾರಣೆ ಈಗ ಐವತ್ತು ದಾಟುತ್ತದೆ. ಯಾರ ಬೆನ್ನೂ ಹತ್ತದೆ, ಅವರು ಯಾವ ಪುಟದಿಂದ ಬಂದರು ಅಂತ ತಿಳಿಯೋಕೆ ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮಿಕ್ಕಿದ್ದಕ್ಕೆ ಹೋಮ್‌ಸ್ಟೇ ರಿಜಿಸ್ಟರ್‌ನಲ್ಲಿ ‘ಹೇಗೆ ಗೊತ್ತಾಯಿತು?’ ಅನ್ನುವ ಒಂದು ಕಾಲಂ ಹಾಕಿಸಿದ್ದೇನೆ. ಕಾಫಿ ಕೊಡುವಾಗ ಕೇಳಿದರೆ ಎಲ್ಲರೂ ಹೇಳುತ್ತಾರೆ.