ರಸ್ತೆ ಅಪಘಾತದಲ್ಲಿ ಗಾಯವಾದರೆ ಪರಿಹಾರ ಪಡೆಯುವುದು ಹೇಗೆ?

ಬೇರೆಯವರ ತಪ್ಪಿನಿಂದ ಕಾಲು ಮುರಿದಿದೆ. ಆಪರೇಷನ್ ಆಗಿದೆ, ಮೇಲೆ ಸಾಲವೂ ಆಗಿದೆ. ಆದರೂ ಪರಿಹಾರ ಬರಲಿಲ್ಲ, ಅಥವಾ ಬಂದದ್ದು ಆಸ್ಪತ್ರೆ ಬಿಲ್ಲಿಗೂ ಸಾಲಲಿಲ್ಲ. ಇಂಥ ಕೇಸುಗಳನ್ನು ತುಂಬಾ ನೋಡಿದ್ದೇನೆ. ಫೈಲು ಬಿಚ್ಚಿದರೆ ಕಾನೂನಿನ ತೊಡಕು ಅಪರೂಪ. ಮೊದಲ ಎರಡು ಮೂರು ದಿನಗಳಲ್ಲಿ ಬರೆಸಬೇಕಾದದ್ದನ್ನು ಯಾರೂ ಸರಿಯಾಗಿ ಬರೆಸಿರುವುದಿಲ್ಲ. ಅದಕ್ಕೇ ಇಲ್ಲಿ ಆ ಭಾಗವನ್ನೇ ಹೆಚ್ಚು ಬಿಡಿಸಿ ಹೇಳುತ್ತೇನೆ.

1. ಮೊದಲು ಆಸ್ಪತ್ರೆ

112ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಮೇ 2025ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಅಪಘಾತವಾದ ದಿನದಿಂದ 7 ದಿನಗಳ ಮಟ್ಟಿಗೆ ಮಾತ್ರ. ದಾಖಲಾಗುವಾಗಲೇ ಕೇಳಿ. ಗಾಯಾಳುವನ್ನು ಕರೆತಂದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಟ್ಟಿದೆ, ಅವರು ಪೊಲೀಸರಿಗೆ ಹೆದರಬೇಕಿಲ್ಲ.

2. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಏನು ಬರೆದಿದ್ದಾರೆ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ತುರ್ತು ವಿಭಾಗದ ಡಾಕ್ಟರು ‘ಏನಾಯ್ತು?’ ಎಂದು ಕೇಳುತ್ತಾರೆ. ನೋವಿನಲ್ಲಿರುವವರು ‘ಬೈಕಿಂದ ಬಿದ್ದೆ’ ಎನ್ನುತ್ತಾರೆ. ಕಾರು ಗುದ್ದಿದ್ದಕ್ಕೆ ಬಿದ್ದದ್ದು, ಆದರೆ ಬಾಯಿಗೆ ಬರುವುದು ಬಿದ್ದದ್ದು ಮಾತ್ರ. ಡಾಕ್ಟರು ಅಷ್ಟನ್ನೇ ಬರೆದುಕೊಳ್ಳುತ್ತಾರೆ. ಒಂದು ವರ್ಷದ ನಂತರ ಗುದ್ದಿದ ಗಾಡಿಯ ವಿಮಾ ಕಂಪನಿಯ ವಕೀಲರು ಅದೇ ಹಾಳೆ ಹಿಡಿದು ಪಾಟಿ ಸವಾಲು ಮಾಡುತ್ತಾರೆ: ‘ನೀವೇ ಬಿದ್ದಿದ್ದು ಅಲ್ವಾ? ಕಾರಿನ ಕಥೆ ಆಮೇಲೆ ಸೇರಿಸಿದ್ದು ಅಲ್ವಾ?’ ಆಗ ಉತ್ತರ ಕೊಡುವುದು ಬಹಳ ಕಷ್ಟ.

ಆದ್ದರಿಂದ ಪೂರ್ತಿ ಹೇಳಿ. ಯಾವ ರಸ್ತೆ, ಎಷ್ಟು ಹೊತ್ತಿಗೆ, ಯಾವ ಗಾಡಿ, ಯಾವ ಕಡೆಯಿಂದ ಬಂದು ಗುದ್ದಿತು. ನಂಬರ್ ಗೊತ್ತಿದ್ದರೆ ಬರೆಸಿ. ಗೊತ್ತಿಲ್ಲದಿದ್ದರೆ ‘ಒಂದು ಬಿಳಿ ಕಾರು’ ಎಂದಷ್ಟೇ ಹೇಳಿ. ಯಾರದೋ ನಂಬರ್ ಊಹಿಸಿ ಹೇಳಬೇಡಿ. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ ಜೊತೆಗೆ ಬಂದವರು ಈ ಕೆಲಸ ಮಾಡಬೇಕು.

ಎರಡನೆಯದು, ಎಲ್ಲ ನೋವನ್ನೂ ಹೇಳಿ. ತೊಡೆಯ ಮೂಳೆ ಮುರಿದಾಗ ಎಲ್ಲರ ಗಮನವೂ ಅಲ್ಲೇ ಇರುತ್ತದೆ. ಮಣಿಕಟ್ಟಿನ ಊತ, ಅಲ್ಲಾಡುವ ಹಲ್ಲು, ಕಿವಿ ಮಂದವಾಗಿದ್ದು ದಾಖಲೆಗೇ ಬರುವುದಿಲ್ಲ. ಎರಡು ತಿಂಗಳಾದ ಮೇಲೆ ಮಣಿಕಟ್ಟು ಮಡಚುವುದಿಲ್ಲ ಎಂದರೆ ಅದಕ್ಕೂ ಅಪಘಾತಕ್ಕೂ ಸಂಬಂಧ ತೋರಿಸಲು ಒಂದು ಚೂರು ಕಾಗದವೂ ಇರುವುದಿಲ್ಲ. ಮೂಳೆ ಅಥವಾ ಹಲ್ಲು ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಗಾಯದ ಪ್ರಮಾಣಪತ್ರದಲ್ಲಿ ‘ಸಾಧಾರಣ’ ಎಂದಿದೆಯೋ ‘ತೀವ್ರ’ ಎಂದಿದೆಯೋ ಓದಿ ನೋಡಿ.

ಮೂರನೆಯದು, ‘ಎಂಎಲ್‌ಸಿ ಮಾಡಿದ್ದೀರಾ?’ ಎಂದು ಬಾಯಿಬಿಟ್ಟು ಕೇಳಿ. ಎಂಎಲ್‌ಸಿ ಎಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ ದಾಖಲಿಸುವ ಪ್ರಕರಣ. ಕೆಲವು ಸಣ್ಣ ನರ್ಸಿಂಗ್ ಹೋಮ್‌ಗಳು ಪೊಲೀಸರ ಗೊಡವೆ ಬೇಡವೆಂದು ಸುಮ್ನೆ ಬ್ಯಾಂಡೇಜ್ ಹಾಕಿ ಕಳಿಸುತ್ತವೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋದರೆ ಮೊದಲು ಹೋದ ಕಡೆಯ ಚೀಟಿಯನ್ನೂ ತಗೊಂಡು ಹೋಗಿ. ಎರಡೂ ಕಡೆ ಬರೆದದ್ದು ಒಂದೇ ಆಗಿರಬೇಕು. ಏನಾದರೂ ತಪ್ಪಾಗಿ ಬರೆದಿದ್ದರೆ ಅಲ್ಲಿರುವಾಗಲೇ ಹೇಳಿ ಸರಿಪಡಿಸಿ. ಡಿಸ್ಚಾರ್ಜ್ ಆದ ಮೇಲೆ ತಿದ್ದಿಸಿದರೆ ಅದೇ ಅನುಮಾನಕ್ಕೆ ಕಾರಣವಾಗುತ್ತದೆ.

3. ಪೊಲೀಸ್ ದೂರು

ರಸ್ತೆಯಲ್ಲೇ ರಾಜಿ ಮಾಡಿಕೊಂಡು ಐದು ಹತ್ತು ಸಾವಿರ ತಗೊಂಡು ಮನೆಗೆ ಹೋಗಬೇಡಿ. ಒಳಗಿನ ಪೆಟ್ಟು ಎಷ್ಟೆಂದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಎಫ್‌ಐಆರ್ ಮಾಡಿಸಿ. ತಡವಾಗಿದ್ದರೆ ಯಾಕೆ ತಡವಾಯಿತು ಎಂಬುದನ್ನು ದೂರಿನಲ್ಲೇ ಬರೆಸಿ. ‘ಐಸಿಯುನಲ್ಲಿದ್ದೆ’ ಎಂಬ ಒಂದು ಸಾಲು ಸಾಕು.

2022ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ ಕೊಡಬೇಕು. 90 ದಿನದೊಳಗೆ ವಿವರವಾದ ವರದಿ, ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವ ನ್ಯಾಯಮಂಡಳಿಯಾದ ಟ್ರಿಬ್ಯೂನಲ್‌ಗೆ ಹೋಗಬೇಕು. ಇದರ ಬಗ್ಗೆ ಠಾಣೆಯಲ್ಲಿ ವಿಚಾರಿಸುತ್ತಲೇ ಇರಿ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ ಎಲ್ಲದರ ಪ್ರತಿ ನಿಮ್ಮ ಹತ್ತಿರ ಇರಬೇಕು.

ಗುದ್ದಿದ ಗಾಡಿ ಸಿಗಲೇ ಇಲ್ಲವೇ? ಆಗಲೂ ದಾರಿ ಇದೆ. ಗುದ್ದಿ ಓಡಿಹೋದ ಪ್ರಕರಣಗಳಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಅಪಘಾತವಾದ ಜಾಗದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

4. ಬಿಲ್ಲುಗಳು

ಎಲ್ಲವನ್ನೂ ಇಡಿ: ಔಷಧಿ, ಸ್ಕ್ಯಾನಿಂಗ್, ಆಟೋ, ಆಂಬುಲೆನ್ಸ್, ಫಿಸಿಯೋಥೆರಪಿ. ಮೆಡಿಕಲ್ ಶಾಪಿನ ತೆಳು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ, ಮೂಲದ ಜೊತೆ ಪಿನ್ ಹಾಕಿಡಿ.

5. ಅರ್ಜಿ ಯಾವಾಗ, ಎಲ್ಲಿ?

ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅಪಘಾತವಾದ 6 ತಿಂಗಳೊಳಗೆ. ನಡುವೆ ಹಲವು ವರ್ಷ ಇಂಥ ಗಡುವು ಇರಲಿಲ್ಲ, 2022ರ ಏಪ್ರಿಲ್‌ನಿಂದ ಮತ್ತೆ ಬಂದಿದೆ. ‘ಮೂಳೆಗೆ ಹಾಕಿದ ಪ್ಲೇಟ್ ತೆಗೆಸಿದ ಮೇಲೆ ಅರ್ಜಿ ಹಾಕೋಣ’ ಎಂದು ಕಾಯಬೇಡಿ. ಅಪಘಾತ ಬೇರೆ ಊರಲ್ಲಿ ಆಗಿದ್ದರೂ ನೀವು ವಾಸ ಮಾಡುವ ಊರಿನ ಟ್ರಿಬ್ಯೂನಲ್‌ನಲ್ಲೇ ಹಾಕಬಹುದು. ಗಾಡಿಯ ಮಾಲೀಕರು ಮತ್ತು ವಿಮಾ ಕಂಪನಿ ಇಬ್ಬರನ್ನೂ ಪ್ರತಿವಾದಿ ಮಾಡಬೇಕು. ನಿಮ್ಮದೂ ಸ್ವಲ್ಪ ತಪ್ಪಿದ್ದರೆ ಪರಿಹಾರ ಪೂರ್ತಿ ಹೋಗುವುದಿಲ್ಲ, ತಪ್ಪಿನ ಪಾಲಿನಷ್ಟು ಕಡಿಮೆಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 164ನೇ ಕಲಂನಲ್ಲಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಬೇಗ ಸಿಗುವ ದುಡ್ಡು ನಿಜ. ಆದರೆ ಅದನ್ನು ಒಪ್ಪಿಕೊಂಡರೆ 166ರ ದೊಡ್ಡ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ದುಡಿಯುವ ವಯಸ್ಸಿನವರಿಗೆ ಶಾಶ್ವತ ಊನವಾಗಿದ್ದರೆ ಇದನ್ನು ಒಪ್ಪಬೇಡಿ ಎಂದೇ ನಾನು ಹೇಳುವುದು. ಯಾಕೆ ಎಂಬುದು ಮುಂದಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

6. ಆದಾಯ ಮತ್ತು ಊನ: ದೊಡ್ಡ ಮೊತ್ತ ಇರುವುದು ಇಲ್ಲಿ

ಪರಿಹಾರದಲ್ಲಿ ಚಿಕಿತ್ಸೆಯ ಖರ್ಚು, ಕೆಲಸಕ್ಕೆ ಹೋಗದ ದಿನಗಳ ಸಂಬಳ, ನೋವು, ಮುಂದಿನ ಚಿಕಿತ್ಸೆ, ಬದುಕಿನ ಸುಖ ಕಳೆದುಕೊಂಡದ್ದು ಎಲ್ಲ ಸೇರುತ್ತದೆ. ಆದರೆ ಶಾಶ್ವತ ಊನವಾದಾಗ ಸಾಮಾನ್ಯವಾಗಿ ದೊಡ್ಡ ಪಾಲು ಮುಂದಿನ ದುಡಿಮೆಯ ನಷ್ಟದ್ದು.

32 ವರ್ಷದ ಒಬ್ಬ ವೆಲ್ಡರ್ ಎಂದುಕೊಳ್ಳಿ. ತಿಂಗಳಿಗೆ 15,000 ರೂಪಾಯಿ ದುಡಿಮೆ. ಡಾಕ್ಟರು ಕಾಲಿಗೆ ಶೇ 30 ಊನ ಎಂದು ಬರೆದಿದ್ದಾರೆ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ 10 ಎಂದು ಹಿಡಿಯುವುದು ಟ್ರಿಬ್ಯೂನಲ್‌ಗಳಲ್ಲಿ ರೂಢಿ. ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, ಅದೇ ಗುಣಕ; 31ರಿಂದ 35ರ ವಯಸ್ಸಿಗೆ ಅದು 16. ಹಾಗಾಗಿ 15,000ವನ್ನು 12ರಿಂದ, ಆಮೇಲೆ 16ರಿಂದ ಗುಣಿಸಿ, ಅದರ ಶೇ 10 ತೆಗೆದರೆ 2,88,000 ರೂಪಾಯಿ.

ಆದರೆ ಬಗ್ಗಿ ಕೂತು ಕೆಲಸ ಮಾಡಲಾಗದ ವೆಲ್ಡರ್‌ಗೆ ಆಗುವ ನಷ್ಟ ಶೇ 10 ಮಾತ್ರವೇ? ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ಎಡಗೈ ಹೋದರೆ ಚಾಲಕನಿಗೋ ಬಡಗಿಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಆ ತೀರ್ಪಿನಲ್ಲಿರುವ ಉದಾಹರಣೆಯೇ ಇದು. ನಮ್ಮ ವೆಲ್ಡರ್ ಇದನ್ನು ಸಾಕ್ಷಿ ಸಮೇತ ತೋರಿಸಿ, ಟ್ರಿಬ್ಯೂನಲ್ ಶೇ 25 ಎಂದು ಒಪ್ಪಿದರೆ ಮೊತ್ತ 7,20,000 ರೂಪಾಯಿ. 40 ತುಂಬದ ಸ್ವಂತ ದುಡಿಮೆಯವರಿಗೆ ಮುಂದೆ ಹೆಚ್ಚಬಹುದಾದ ಆದಾಯವೆಂದು ಶೇ 40 ಸೇರಿಸಬೇಕು. ಇದು ಗಾಯದ ಕೇಸಿಗೂ ಅನ್ವಯ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೂ ಸೇರಿಸಿದರೆ 10,08,000 ರೂಪಾಯಿ. ಒಂದೇ ಕಾಲು, ಒಂದೇ ಗಾಯ. ವ್ಯತ್ಯಾಸ ಇರುವುದು ಸಾಕ್ಷಿಯಲ್ಲಿ.

ಆ ಸಾಕ್ಷಿ ಯಾವುದು? ಕೆಲಸ ಕೊಟ್ಟವರ ಪತ್ರ, ಬರೀ ಪತ್ರ ಸಾಲದು, ಅವರೇ ಬಂದು ಹೇಳಿದರೆ ಬೆಲೆ ಜಾಸ್ತಿ. ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮೆಗಳು, ಲೈಸೆನ್ಸ್, ಕಾರ್ಮಿಕ ಕಾರ್ಡ್. ಇವು ಯಾವುದೂ ಇಲ್ಲದಿದ್ದರೆ ಟ್ರಿಬ್ಯೂನಲ್ ತಾನೇ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಅದು ನಿಮ್ಮ ನಿಜವಾದ ದುಡಿಮೆಗಿಂತ ಕಡಿಮೆ ಇರಬಹುದು.

ಊನದ ಪ್ರಮಾಣಪತ್ರವನ್ನು ಚಿಕಿತ್ಸೆ ಕೊಟ್ಟ ಡಾಕ್ಟರರಿಂದಲೇ ಪಡೆಯಿರಿ. ಅವರು ಸಾಕ್ಷಿ ಹೇಳಲು ಬರಬೇಕು. ‘ಶೇ 50 ಬರೆಸಿಕೊಡ್ತೀವಿ’ ಎನ್ನುವ ಏಜೆಂಟರು ಕೋರ್ಟಿನ ಆಸುಪಾಸಿನಲ್ಲಿ ಇರುತ್ತಾರೆ. ಅವರ ಹತ್ತಿರ ಹೋಗಲೇಬೇಡಿ. ಹೀಗೆ ಸಿದ್ಧವಾಗಿ ಸಿಗುವ ಪ್ರಮಾಣಪತ್ರಗಳ ಬಗ್ಗೆ ಎಚ್ಚರದಿಂದಿರಿ ಎಂದು ಸುಪ್ರೀಂ ಕೋರ್ಟೇ ಟ್ರಿಬ್ಯೂನಲ್‌ಗಳಿಗೆ ಹೇಳಿದೆ. ಒಂದು ಸುಳ್ಳು ಕಾಗದ ಸಿಕ್ಕಿಬಿದ್ದರೆ ನಿಮ್ಮ ನಿಜವಾದ ಗಾಯವನ್ನೂ ಯಾರೂ ನಂಬುವುದಿಲ್ಲ.

7. ವಕೀಲರು

‘ಗೆದ್ದರೆ ಬಂದದ್ದರಲ್ಲಿ ಇಷ್ಟು ಪಾಲು’ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಡಿ. ಹೀಗೆ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಶುಲ್ಕ ಎಷ್ಟೆಂದು ಮೊದಲೇ ಮಾತಾಡಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು.

8. ರಾಜಿ, ತೀರ್ಪು, ಮೇಲ್ಮನವಿ

ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಆರನೇ ಹಂತದ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡು, ಚೀಟಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಇನ್ನೊಂದು ಆಪರೇಷನ್ ಬಾಕಿ ಇದ್ದರೆ ಅದರ ಖರ್ಚಿನ ಅಂದಾಜನ್ನು ಡಾಕ್ಟರರಿಂದ ಬರೆಸಿಕೊಂಡೇ ಮಾತಿಗೆ ಕೂರಿ.

ಟ್ರಿಬ್ಯೂನಲ್ ತೀರ್ಪು ಬಂದರೆ 30 ದಿನದೊಳಗೆ ವಿಮಾ ಕಂಪನಿ ಹಣ ಜಮೆ ಮಾಡಬೇಕು. ಮೊತ್ತ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಆದರೆ ತಕರಾರಿನ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಆ ದಾರಿ ಇಲ್ಲ. ತೀರ್ಪಿನ ಪ್ರಮಾಣಿತ ಪ್ರತಿಗೆ ತೀರ್ಪು ಬಂದ ವಾರದಲ್ಲೇ ಅರ್ಜಿ ಹಾಕಿ, 90 ದಿನ ಬೇಗ ಕಳೆದುಹೋಗುತ್ತದೆ.